ಸ್ಪ್ಯಾನಿಷ್‌ನಲ್ಲಿ ಅಪ್ಪನ ಕತೆ

ಶ್ರೀರಂಗಪಟ್ಟಣದಲ್ಲಿ ನಾನು ಗೈಡು. ಇಂಗ್ಲಿಷ್ ಗೈಡುಗಳು ಅಲ್ಲಿ ಬೇಕಾದಷ್ಟು ಜನ. ಸ್ಪ್ಯಾನಿಷ್ ಬಂದರೆ ವರ್ಷವಿಡೀ ಕೆಲಸ ಕೊಡುತ್ತೇವೆ ಎಂದು ಮೈಸೂರಿನ ಒಂದು ಟ್ರಾವೆಲ್ಸ್‌ನವರು ಹೇಳಿದ್ದರು. ಆ ಕೆಲಸ ನನಗೆ ಬೇಕೇಬೇಕಿತ್ತು. ಅಪ್ಪನ ಕಣ್ಣು ಮಂಜಾಗಿ ಕೆ.ಆರ್. ಪೇಟೆಯ ನಮ್ಮ ಚಿನ್ನದ ಕೆಲಸ ನಿಂತು ಆಗಲೇ ಎರಡು ವರ್ಷವಾಗಿತ್ತು.

ಕಲಿತದ್ದೆಲ್ಲ ಬಸ್ಸಿನಲ್ಲೇ, ಮೊಬೈಲು ನೋಡಿಕೊಂಡು. ಆ ಭಾಷೆಯಲ್ಲಿ ಕುರ್ಚಿ ಹೆಣ್ಣು, ಪುಸ್ತಕ ಗಂಡು. ಅದಕ್ಕೆ ತಕ್ಕಂತೆ ಕೆಂಪು ಅನ್ನುವ ಪದವೂ ಬದಲಾಗಬೇಕಂತೆ. ಯಾವ ಪುಣ್ಯಾತ್ಮ ಕಟ್ಟಿದನೋ! ಅದು ಹಾಳಾಗಿ ಹೋಗಲಿ ಎಂದರೆ, ಒಂದು ಸಲ ಮಾಡಿ ಮುಗಿಸಿದ್ದಕ್ಕೆ ಒಂದು ರೂಪ, ದಿನಾ ಮಾಡುತ್ತಿದ್ದುದಕ್ಕೆ ಇನ್ನೊಂದು. ಪಾಂಡವಪುರ ಬರುವಷ್ಟರಲ್ಲಿ ತಲೆಕೆಟ್ಟು ಮೊಬೈಲನ್ನು ಬ್ಯಾಗಿಗೆ ತುರುಕುತ್ತಿದ್ದೆ.

ಸಂಜೆ ಅಪ್ಪನ ಮುಂದೆ ಕೂತು ಒಪ್ಪಿಸುತ್ತಿದ್ದೆ. ಒಂದಕ್ಷರ ಅರ್ಥವಾಗದಿದ್ದರೂ ನಾನು ತಡವರಿಸಿದ ಕಡೆ ಅವರು ತಮ್ಮ ಹಳೆಯ ಕೆಲಸದ ಮಣೆ ತಟ್ಟುತ್ತಿದ್ದರು. ತಟ್ಟಿದರೆ ಮೊದಲಿನಿಂದ ಶುರು. ಅಂಗಡಿಯಲ್ಲೂ ಅವರದು ಅದೇ ರೀತಿ. ಬೆಸುಗೆ ಸರಿಬರದಿದ್ದರೆ ಮುಚ್ಚಿಹಾಕುತ್ತಿರಲಿಲ್ಲ. ಒಡವೆ ಮಾಡಿಸಿದವರನ್ನೇ ಎದುರಿಗೆ ಕೂರಿಸಿಕೊಂಡು, ತಪ್ಪಾಯಿತು ಎಂದು ಹೇಳಿ, ಕರಗಿಸಿ ಮತ್ತೆ ಮಾಡುತ್ತಿದ್ದರು. ಅದರಿಂದ ಗಿರಾಕಿಗಳು ಬಿಟ್ಟುಹೋದದ್ದೂ ಉಂಟು. ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನ್ನನ್ನು ಪರೀಕ್ಷಿಸಲು ಟ್ರಾವೆಲ್ಸ್‌ನವರು ಸ್ಪೇನಿನ ಆರು ಜನ ಪ್ರವಾಸಿಗಳನ್ನು ಕರೆತಂದರು. ಟ್ರಾವೆಲ್ಸ್‌ನ ಮೇಡಂ ಹಿಂದೆ ನಿಂತು ಬರೆದುಕೊಳ್ಳುತ್ತಿದ್ದರು. ಕೋಟೆಯ ಕತೆ ಸರಾಗವಾಗಿ ಹೋಯಿತು. ಹೊಳೆಯ ಮೆಟ್ಟಿಲ ಹತ್ತಿರ ಒಬ್ಬ ಅಜ್ಜಿ, ನಿಮ್ಮ ಮನೆಯ ಕಸುಬೇನು ಎಂದು ಕೇಳಿದರು. ಅಪ್ಪನ ಬಗ್ಗೆ ಬಹುವಚನದಲ್ಲಲ್ಲದೆ ಮಾತಾಡಿ ನನಗೆ ಅಭ್ಯಾಸವಿಲ್ಲ; ಸ್ಪ್ಯಾನಿಷ್‌ನಲ್ಲೂ ಹಾಗೇ ಅಂದುಬಿಟ್ಟೆ, ಅಲ್ಲಿ ಅದು ಹಲವು ಜನ ಎಂದಾಗುತ್ತದೆ. ಅದರ ಮೇಲೆ ಕಾಲವೂ ತಪ್ಪಿ, ಅಪ್ಪ ಒಂದೇ ದಿನ ಕೆಲಸ ಮಾಡಿ ಬಿಟ್ಟವರ ಹಾಗಾಯಿತು. ಅಜ್ಜಿ ತಲೆಯಾಡಿಸಿದರು. ಹಾಗೇ ಮುಂದೆ ಹೋಗಬಹುದಿತ್ತು, ಆದರೆ ಅಪ್ಪನ ವಿಷಯ, ಮನಸ್ಸು ಒಪ್ಪಲಿಲ್ಲ. ತಪ್ಪು ಹೇಳಿದೆ ಎಂದು ನಿಲ್ಲಿಸಿ, ದಿನಾ ಬೆಳಿಗ್ಗೆ ಮಣೆ ಮುಂದೆ ಕೂರುತ್ತಿದ್ದುದು, ಊದುತ್ತಿದ್ದುದು, ಕರಗಿಸುತ್ತಿದ್ದುದು ಎಲ್ಲವನ್ನೂ ಮೊದಲಿನಿಂದ ಹೇಳಿದೆ.

ಗೈಡು ತನ್ನ ತಪ್ಪನ್ನು ತಾನೇ ತೋರಿಸಿಕೊಳ್ಳಬಾರದು ಎಂದರು ಮೇಡಂ. ಕೆಲಸ ಬೇರೆಯವರಿಗೆ ಹೋಯಿತು.

ಮನೆಗೆ ಬಂದವಳೇ ಸಿಟ್ಟಿನಲ್ಲಿ ಎಲ್ಲ ಹೇಳಿ, ನಿಮ್ಮಿಂದಲೇ ಕೈತಪ್ಪಿತು ಎಂದೂ ಅಂದೆ. ಅಪ್ಪ ಮಣೆಯನ್ನು ಹತ್ತಿರ ಎಳೆದುಕೊಂಡರು.

"ಅಲ್ಲಿ ನನ್ ಇಚಾರ ಅದೇನ್ ಯೋಳ್ದೋ, ಇಲ್ಲೂ ಒಂದ್ಸಲ ಯೋಳು ಕಣವ್ವ," ಅಂದರು.

ಹೇಳಿದೆ, ಸ್ಪ್ಯಾನಿಷ್‌ನಲ್ಲೇ. ಎಷ್ಟೋ ಕಡೆ ತಡವರಿಸಿದೆ. ಅವರು ಮಣೆ ತಟ್ಟಲಿಲ್ಲ.