ಒಡೆದ ದನಿಗೆ ಬಿದ್ದ ವನ್ಸ್ ಮೋರ್

ಬೇನೆ ಬಿದ್ದು ಗಂಟಲು ಒಡೆದ ಮೇಲೆ ಗುರುಸಿದ್ದಯ್ಯನ ನಾಟಕ ಕಂಪನಿಯಲ್ಲಿ ಮೀರಾಬಿಗೆ ಉಳಿದದ್ದು ರೊಟ್ಟಿ ಬಡಿಯುವ ಕೆಲಸ. ಅದಕ್ಕೂ ಮೊದಲು ಅವಳು ಕಂಪನಿಯ ನಾಯಕಿ. ಹುಬ್ಬಳ್ಳಿಯ ಮಂದಿ ಅವಳ ಪದಕ್ಕೆಂದೇ ಟಿಕೀಟು ತೆಗೆಸುತ್ತಿದ್ದರು.

1934ರ ಬೇಸಿಗೆ. ದುರ್ಗದಬೈಲಿನ ಪೇಟೆಯಲ್ಲಿ ಮೀರಾಬಿ ಉಳ್ಳಾಗಡ್ಡಿ ಆರಿಸುತ್ತಿದ್ದಾಗ ಹುಚ್ಚಪ್ಪನ ಗ್ರಾಮಫೋನ್ ಅಂಗಡಿಯಿಂದ ಹೆಂಗಸಿನ ದನಿ ಕೇಳಿತು. ಒರಟು, ಸೀಳಿದ ದನಿ. ಮೇಲಿನ ಸ್ವರದ ಗೊಡವೆಗೇ ಹೋಗದೆ, ಕೆಳಗೇ ನಿಂತು, ಮಾತಾಡಿದ ಹಾಗೆ ಹಾಡುತ್ತಿತ್ತು.

"ಯಾರ್ರೀ ಅಣ್ಣಾರ, ಈಕಿ?"

"ಫ್ರಾನ್ಸಿನಾಕಿ. ರೈಲ್ವೆ ಸಾಹೇಬ ಊರು ಬಿಡುವಾಗ ಮಾರಿದ ಪ್ಲೇಟು. ತನ್ನ ದೇಶದಾಗ ಸೈತ ಈಕಿನ್ನ ಯಾರೂ ಕೇಳಂಗಿಲ್ಲಂತ. ಕೇಳೋದರ ಹ್ಯಾಂಗ? ಗಂಟಲಾಗ ಹಳ್ಳು ಸಿಕ್ಕಾವ!" ಹುಚ್ಚಪ್ಪ ನಕ್ಕ.

"ನಗಬ್ಯಾಡ್ರಿ. ಇನ್ನೊಮ್ಮಿ ಹಚ್ರಿ."

ಹಾಡಿನ ಮಾತು ಮೀರಾಬಿಗೆ ತಿಳಿಯಲಿಲ್ಲ. ಒಡೆದ ದನಿಯನ್ನು ಬಚ್ಚಿಡದೆ, ಅದನ್ನೇ ಮುಂದೆ ಮಾಡಿ ಹಾಡಬಹುದೆಂಬುದು ತಿಳಿಯಿತು. ದಿನಾ ಹೋಗಿ ಕೇಳಿದಳು. ರೊಟ್ಟಿ ಬಡಿಯುತ್ತ ತನ್ನ ಹಳೆಯ ವಿರಹದ ಪದವನ್ನು ಹಾಗೇ ತಗ್ಗಿಸಿ ಕೂಡಿಸಿಕೊಂಡಳು. ಕಡೆಗೊಂದು ದಿನ ಗುರುಸಿದ್ದಯ್ಯನ ಮುಂದೆ ನಿಂತು ಹಾಡಿ ತೋರಿಸಿದಳು.

"ಒಂದ ಪದ, ಮಾಲಕರ. ಮತ್ತೊಮ್ಮಿ ಸ್ಟೇಜಿಗೆ ಬಿಡ್ರಿ."

ಅವನು ಮೀಸೆ ತಿರುವಿದ. "ಆತು. ಶನಿವಾರ ಹಾಡು."

ಮೀರಾಬಿ ಅವನ ಕಾಲು ಮುಟ್ಟಿದಳು. ಹಾಸ್ಯಗಾರನ ಜಾಗಕ್ಕೆ ತನ್ನನ್ನು ಹಾಕಿದ್ದಾನೆಂದು ಅವಳಿಗೆ ಯಾರೂ ಹೇಳಲಿಲ್ಲ.

ಶನಿವಾರ ಅವಳು ಹಾಡಿದಳು. ಹಿಂದಿನಿಂದ ಯಾರೋ ಕತ್ತೆಯಂತೆ ಒದರಿದ. ಥೇಟರು ನಕ್ಕಿತು. "ವನ್ಸ್ ಮೋರ್!"

ವನ್ಸ್ ಮೋರ್ ಬಿದ್ದರೆ ಮತ್ತೆ ಹಾಡಲೇಬೇಕು, ಕಂಪನಿಗಳ ಕಟ್ಟಳೆ ಅದು. ಹಾಡುವವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆಯೂ ಇಲ್ಲ. ನಗು ಆ ಒದರಿದವನಿಗೆ, ಕೂಗು ತನಗೆ ಖರೇ ಎಂದೇ ತಿಳಿದು ಮೀರಾಬಿ ಕೈ ಮುಗಿದು ಮತ್ತೆ ಹಾಡಿದಳು. ಮತ್ತೆ ಕೂಗು ಬಿದ್ದಾಗ ಮುಂದಿನ ಸಾಲಿನವರ ನಗುವ ಬಾಯಿಗಳು ಕಂಡವು. ಪರದೆಯ ಕಡೆ ತಿರುಗಿದಳು. ಅಲ್ಲಿ ಗುರುಸಿದ್ದಯ್ಯ ಅಡ್ಡ ನಿಂತಿದ್ದ.

"ಎಲ್ಲಿ ಬರ್ತಿ? ಮಂದಿ ಕೇಳಾಕತ್ತೈತಿ. ಹಾಡು."

ಹಾರ್ಮೋನಿಯಂ ಮತ್ತೆ ಸ್ವರ ಹಿಡಿಯಿತು. ದನಿ ಪೂರ್ತಿ ಸತ್ತು ಬರೀ ಗಾಳಿ ಬರುವವರೆಗೆ ಹಾಡಿದಳು. ಗಾಳಿಗೂ ವನ್ಸ್ ಮೋರ್ ಬಿತ್ತು.

ಮರುದಿನ ಒಲ್ಲೆನೆಂದು ತಲೆಯಾಡಿಸಿದಳು. ಗಂಟಲು ಮುಟ್ಟಿ ತೋರಿಸಿದಳು.

"ನಿನ್ನ ದನಿ ಯಾರಿಗೆ ಬೇಕಾಗೇತಿ?" ಅಂದ ಗುರುಸಿದ್ದಯ್ಯ. "ಬಾಯಿ ತಗದು ನಿಲ್ಲು, ಸಾಕು. ಒಲ್ಲೆಂದ್ರ ಗಂಟು ಕಟ್ಟು."

ಹೋಗಲು ಅವಳಿಗೆ ಬೇರೆ ಮನೆಯಿರಲಿಲ್ಲ. ಆ ಮಳೆಗಾಲವೆಲ್ಲ ಬಾಯಿ ತೆಗೆದು ನಿಂತಳು. ಥೇಟರು ತುಂಬಿತು.