ಪ್ರೇಮಲೀಲಾ ಓಡಿದ ಬಂಡಿದಾರಿ

ನಮ್ಮ ಬಡಾವಣೆಯ ಹೆಂಗಸರಲ್ಲಿ ಮೊದಲು ಓಡಿದವಳು ಪ್ರೇಮಲೀಲಾ. ಅದೂ ನಲವತ್ತೊಂದನೇ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ ಬಂದ ಮೇಲೆ.

ಮೈಸೂರಿನ ಹೆಬ್ಬಾಳದ ಕಾರ್ಖಾನೆಗಳ ಹಿಂದೆ ಆಗತಾನೇ ಎದ್ದಿದ್ದ ಬಡಾವಣೆ ಅದು. ಅವಳ ಮನೆ ನಮ್ಮ ಮನೆಯಿಂದ ಮೂರನೆಯದು. ಗಂಡ ಸಿದ್ದಲಿಂಗಸ್ವಾಮಿಗೆ ಒಂಟಿಕೊಪ್ಪಲಿನಲ್ಲಿ ಪುಸ್ತಕ ಬೈಂಡ್ ಮಾಡುವ ಅಂಗಡಿ. ಅವಳು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವಳು. ಬಂದ ಬಿಡಿಭಾಗಗಳನ್ನು ಗೇಜಿನಲ್ಲಿ ಅಳೆದು, ಕೂದಲೆಳೆ ಹೆಚ್ಚುಕಡಿಮೆ ಇದ್ದರೂ ಪಕ್ಕಕ್ಕೆ ಎಸೆಯುವ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದ್ದಕ್ಕೋ ಏನೋ, ಮನುಷ್ಯರ ಮಾತನ್ನೂ ಹಾಗೇ ಅಳೆಯುತ್ತಿದ್ದಳು.

ತೊಂಬತ್ತಾರರಲ್ಲಿ ಡಾಕ್ಟರು ದಿನಾ ನಡೆಯಿರಿ ಎಂದರು. ಬಡಾವಣೆಯ ಪಾರ್ಕಿನಲ್ಲಿ ಮೂರು ದಿನ ನನ್ನ ಜೊತೆ ನಡೆದಳು. ಎದುರಿಗೆ ಸಿಕ್ಕವರೆಲ್ಲ ಎಷ್ಟು ಸುತ್ತಾಯ್ತು ಎಂದು ಕೇಳುವವರೇ. ನಾಲ್ಕನೇ ದಿನ ಪಾರ್ಕಿನ ಗೇಟಿನ ಹತ್ತಿರ ನಿಂತುಬಿಟ್ಟಳು.

"ಸುತ್ತು ಹಾಕೋಕೆ ನಾನೇನು ಗಾಣದೆತ್ತಾ, ಸುಮಿತ್ರಾ? ನೀನು ಬೇಕಾದ್ರೆ ಸುತ್ತು. ನಾನು ಆ ಕಡೆ ಹೋಗ್ತೀನಿ."

ಆ ಕಡೆ ಎಂದರೆ ನೀರಿನ ಟ್ಯಾಂಕಿನ ಆಚೆ. ಅಲ್ಲಿಗೆ ಟಾರು ಮುಗಿದು ಕಲ್ಲುಮಂಟಿ, ಅಂದರೆ ಬಂಡೆಗಳ ಕುರುಚಲು ಗುಡ್ಡ, ಶುರುವಾಗುತ್ತಿತ್ತು. ಜಾಲಿ, ತಂಗಡಿ, ಲಂಟಾನದ ಮಧ್ಯೆ ಒಂದು ದಾರಿ ಮೇಲಕ್ಕೆ ಹೋಗಿ, ಹಳೇ ಕಲ್ಲುಕ್ವಾರಿಯ ಅಂಚು ಹಿಡಿದು, ಮಳೆನೀರು ಕೊರೆದ ಆಳವಾದ ಕೊರಕಲಿಗೆ ಇಳಿಯುತ್ತಿತ್ತು. ಕೊರಕಲಿನ ಎರಡೂ ಬದಿಗೆ ಆಳೆತ್ತರದ ಕೆಮ್ಮಣ್ಣಿನ ಗೋಡೆ. ಅದನ್ನು ದಾಟಿ ಹತ್ತಿದರೆ ಮಂಟಿಯ ನೆತ್ತಿ. ದಕ್ಷಿಣಕ್ಕೆ ಚಾಮುಂಡಿಬೆಟ್ಟ, ಇನ್ನೊಂದು ಕಡೆ ಕನ್ನಂಬಾಡಿಯ ನೀರು ಗೆರೆಯ ಹಾಗೆ ಮಿನುಗುತ್ತಿತ್ತು. ಈ ದಾರಿಗಳನ್ನೆಲ್ಲ ಅವಳಿಗೆ ತೋರಿಸಿಕೊಟ್ಟವಳು ಬೀರಮ್ಮ, ಪಕ್ಕದ ಹಳ್ಳಿಯಿಂದ ಕುರಿ ಹೊಡೆದುಕೊಂಡು ಬರುತ್ತಿದ್ದ ಅರವತ್ತು ದಾಟಿದ ಹೆಂಗಸು.

ಮೊದಲ ಆರು ತಿಂಗಳು ಪ್ರೇಮಲೀಲಾ ನಡೆದಳು. ಆಮೇಲೆ ಇಳಿಜಾರಿನಲ್ಲಿ ಓಡಿದಳು. ಮುಂದಿನ ವರ್ಷದ ಹೊತ್ತಿಗೆ ಏರನ್ನೂ ಓಡುತ್ತಿದ್ದಳು. ಚೂಡಿದಾರ, ಮೇಲೆ ಗಂಡನ ಹಳೇ ಅಂಗಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಬೆಳಿಗ್ಗೆ ಪಾಳಿ ಇದ್ದರೆ ಸಂಜೆ ಓಟ, ಮಧ್ಯಾಹ್ನದ ಪಾಳಿ ಇದ್ದರೆ ಬೆಳಿಗ್ಗೆ. ಜನ ಆಡಿಕೊಂಡರು. "ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ದಾರೇನಮ್ಮ?" ಎಂದು ಬಡಾವಣೆ ಸಂಘದ ಅಧ್ಯಕ್ಷ ಚಂದ್ರಮೌಳಿಯವರು ಒಮ್ಮೆ ಎಲ್ಲರ ಮುಂದೆ ನಕ್ಕರು.

"ಬರಲಿ ನೋಡೋಣ, ಹಿಡೀತಾರಾ ಅಂತ," ಎಂದಳು. ನಿಲ್ಲಲೂ ಇಲ್ಲ.

ನಾನು ಸೇರಿದ್ದು ತೊಂಬತ್ತೊಂಬತ್ತರಲ್ಲಿ. ಒಬ್ಬೊಬ್ಬರಾಗಿ ಹದಿನಾಲ್ಕು ಜನವಾದೆವು. ಕೊರಕಲಿಗೆ ಇಳಿಯುವಾಗ ಅವಳು ಮುಂದೆ ನಿಂತು, "ಕಣ್ಣು ಕಾಲ ಮೇಲಲ್ಲ, ಕಾಲಿಡೋ ಜಾಗದ ಮೇಲೆ," ಎಂದು ಗದರುತ್ತಿದ್ದಳು. ಮೂರು ಹೆತ್ತ ನಾನು ಮೊದಲ ಸಲ ನಿಲ್ಲದೆ ನೆತ್ತಿ ಹತ್ತಿದ ದಿನ ಬಂಡೆಯ ಮೇಲೆ ಕೂತು ಅತ್ತಿದ್ದೆ. ಯಾಕೆಂದು ಅವಳು ಕೇಳಲಿಲ್ಲ, ನೀರಿನ ಬಾಟಲಿ ಕೊಟ್ಟಳು.

ಎರಡು ಸಾವಿರದ ಎರಡರ ಜನವರಿಯಲ್ಲಿ ಟ್ಯಾಂಕಿನ ಆಚೆ ಕಲ್ಲುಕಂಬ ಬಂದವು. ಕಂಬದಿಂದ ಕಂಬಕ್ಕೆ ಮುಳ್ಳುತಂತಿ, ದಾರಿಗೆ ಅಡ್ಡಲಾಗಿ ಬೀಗ ಹಾಕಿದ ಗೇಟು. ಮಂಟಿಯನ್ನು ಕೊಂಡವರು ಅಲ್ಲಿ ಹೊಸ ಲೇಔಟ್ ಮಾಡುತ್ತಾರಂತೆ. ಕಾವಲುಗಾರ ನಮ್ಮನ್ನೆಲ್ಲ ವಾಪಸು ಕಳಿಸಿದ. ಬೀರಮ್ಮನ ಕುರಿಗಳೂ ಗೇಟಿನ ಹೊರಗೇ ನಿಂತಿದ್ದವು.

"ಇದು ಬಂಡಿದಾರಿ ಕಣವ್ವ," ಎಂದಳು ಬೀರಮ್ಮ, ಕಂಬಕ್ಕೆ ಕೋಲಿನಿಂದ ಕುಟ್ಟುತ್ತ. "ನಮ್ಮತ್ತೆ ಇದ್ರಾಗೇ ಗಾಡೀಲಿ ಮದ್ವೆಯಾಗಿ ಬಂದಿದ್ಲು. ಅದೆಂಗೆ ಮುಚ್ಬುಟ್ಟಾರು?"

ಪ್ರೇಮಲೀಲಾ ಅವಳನ್ನೇ ನೋಡಿದಳು. "ಬಂಡಿದಾರೀನಾ? ಹಾಗಿದ್ರೆ ಸರ್ಕಾರದ ಕಾಗದದಲ್ಲಿ ಇರಲೇಬೇಕು."

ಮಾರನೇ ದಿನವೇ ರಜೆ ಹಾಕಿ ಭೂಮಾಪನ ಕಚೇರಿಗೆ ಹೋದಳು. ನಾಳೆ ಬನ್ನಿ ಎಂದರು, ಹೋದಳು. ಸಾಹೇಬರಿಲ್ಲ ಎಂದರು, ಬೆಂಚಿನ ಮೇಲೆ ಕೂತಳು. ಏಳನೇ ಸಲಕ್ಕೆ ಗ್ರಾಮನಕ್ಷೆಯ ನಕಲು ಕೈಗೆ ಬಂತು. ಮಂಟಿಯ ಸರ್ವೆ ನಂಬರುಗಳ ನಡುವೆ ಚುಕ್ಕಿಚುಕ್ಕಿಯ ಎರಡು ಗೆರೆ ಜೋಡಿಯಾಗಿ ಸಾಗಿದ್ದವು. ಸಾರ್ವಜನಿಕ ಬಂಡಿದಾರಿಯ ಗುರುತು. ಕೊರಕಲಿನ ತನಕ ನಾವು ಓಡುತ್ತಿದ್ದ ದಾರಿಯೇ.

ಅದನ್ನು ಹಿಡಿದು ಅವಳು ಮೊದಲು ಹೋದದ್ದು ಚಂದ್ರಮೌಳಿಯವರ ಮನೆಗೆ. ಸಂಘದಿಂದ ಒಂದು ಅರ್ಜಿ ಬರೆಯಿರಿ ಎಂದು ಕೇಳಿದಳು. ಅವರು ಕನ್ನಡಕ ತೆಗೆದಿಟ್ಟರು.

"ಓಡೋಕೆ ಪಾರ್ಕಿದೆಯಲ್ಲಮ್ಮ. ಲೇಔಟ್ ಬಂದ್ರೆ ನಮ್ಮ ಏರಿಯಾನೇ ಮೇಲೇಳುತ್ತೆ. ಸುಮ್ಮನೆ ಯಾಕೆ ಜಗಳ?"

ಅವರು ಆಗಲೇ ಅಲ್ಲಿ ಎರಡು ಸೈಟು ಗೊತ್ತುಮಾಡಿಕೊಂಡಿದ್ದ ವಿಷಯ ನಮಗೆ ತಿಳಿದದ್ದು ಆಮೇಲೆ.

ಪ್ರೇಮಲೀಲಾ ತಾನೇ ತಹಸೀಲ್ದಾರರಿಗೆ ಅರ್ಜಿ ಬರೆದಳು. ಉತ್ತರಕ್ಕಾಗಿ ಕಾಯುತ್ತ ಕೂರಲಿಲ್ಲ. ದಿನಾ ತಂತಿಯ ಕೆಳಗೆ ತೂರಿ ಓಡಿದಳು. ಕಾವಲುಗಾರ ಕೂಗುತ್ತ ಒಂದಷ್ಟು ದೂರ ಹಿಂದೆ ಬರುತ್ತಿದ್ದ, ಕ್ವಾರಿಯ ಏರಿನಲ್ಲಿ ಸುಸ್ತಾಗಿ ನಿಲ್ಲುತ್ತಿದ್ದ. ಹತ್ತು ದಿನವಾದ ಮೇಲೆ ಅವನೂ ಕೂಗುವುದನ್ನು ಬಿಟ್ಟ.

ಫೆಬ್ರವರಿ ಕೊನೆಯಲ್ಲಿ ಒಂದು ಬೆಳಿಗ್ಗೆ, ನಸುಕು ಹರಿಯುವ ಹೊತ್ತಿಗೆ, ಅವಳು ಒಬ್ಬಳೇ ಹೋಗಿದ್ದಳು. ಹಿಂದಿನ ಸಂಜೆ ಜೆಸಿಬಿ ತಂದು ಕ್ವಾರಿಯ ತಿರುವಿನಲ್ಲಿ ದಾರಿಗೆ ಅಡ್ಡವಾಗಿ ಎದೆಯಾಳದ ಕಂದಕ ಅಗೆದಿದ್ದರು. ಓಡುತ್ತಲೇ ಅದರೊಳಗೆ ಬಿದ್ದಳು. ಎಡಗೈಯ ಮಣಿಕಟ್ಟು ಮುರಿಯಿತು. ಅರ್ಧ ಗಂಟೆಯ ಮೇಲೆ, ಬೇಲಿಯ ಇನ್ನೊಂದು ಸಂದಿಯಿಂದ ಕುರಿ ನುಗ್ಗಿಸಿಕೊಂಡು ಬಂದ ಬೀರಮ್ಮ ಅವಳನ್ನು ಕಂಡು, ಸೆರಗಿನಿಂದ ಕೈ ಕಟ್ಟಿ, ಮೇಲಕ್ಕೆ ಎಳೆದುಕೊಂಡಳು.

ಆಸ್ಪತ್ರೆಯಿಂದ ಮನೆಗೆ ಬಂದಾಗ ನಾವೆಲ್ಲ ಸೇರಿದ್ದೆವು. ಸಿದ್ದಲಿಂಗಸ್ವಾಮಿ ಹೆಚ್ಚು ಮಾತಾಡುವ ಮನುಷ್ಯ ಅಲ್ಲ. ಅಂದು ಮಾತ್ರ ಅವರೇ ಮೊದಲು ಬಾಯಿಬಿಟ್ಟರು. "ಸಾಕು ಮಾಡು ಲೀಲಾ. ತಲೆ ಒಡೆದಿದ್ರೆ?"

"ಕೈ ತಾನೇ ಮುರಿದಿರೋದು," ಎಂದಳು ಅವಳು. "ಕಾಲು ನೆಟ್ಟಗಿವೆಯಲ್ಲ. ಕತ್ತಲಲ್ಲಿ ಬೀಳಲಿ ಅಂತಲೇ ಅಗೆದಿದ್ದಾರೆ ಕಣ್ರೀ. ನಾನು ಮನೇಲಿ ಕೂತ್ರೆ ಅವರ ಗುಂಡಿ ಗೆದ್ದಂಗೆ."

ಅವರು ಅಂಗಡಿಗೆ ಹೋಗಿ ನಕ್ಷೆಯ ನಕಲನ್ನು ಕ್ಯಾಲಿಕೊ ಬಟ್ಟೆಗೆ ಅಂಟಿಸಿ, ಮಡಚಿಡುವ ಹಾಗೆ ರಟ್ಟಿನ ಹೊದಿಕೆ ಹಾಕಿ ಬೈಂಡ್ ಮಾಡಿಕೊಂಡು ಬಂದರು. "ಮಳೆ ಬಂದ್ರೂ ನೆನೆಯಲ್ಲ," ಎಂದಷ್ಟೇ ಹೇಳಿದರು.

ಎಂಟನೇ ದಿನ, ಒಂದು ಭಾನುವಾರ, ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಹೊರಟಳು. ಆ ದಿನ ಅವಳ ಜೊತೆ ನಾವು ಹದಿಮೂರೂ ಜನ ಇದ್ದೆವು. ಹಿಂದೆ ಬೀರಮ್ಮ, ಅವಳ ನಲವತ್ತು ಕುರಿ. ಗೇಟಿನ ಬೀಗಕ್ಕೆ ನಾವು ಕೈ ಹಚ್ಚಲಿಲ್ಲ. ಗೇಟಿನ ಮುಂದೆಯೇ ನಿಂತೆವು. ಕಾವಲುಗಾರ ಫೋನು ಮಾಡಿದ. ಸುಮೋದಿಂದ ಲೇಔಟಿನವರ ಮ್ಯಾನೇಜರ್ ಗೋವಿಂದರಾಜು ಇಳಿದ. ಹಿಂದೆಯೇ ಪೊಲೀಸ್ ಜೀಪು. ಅಕ್ರಮ ಪ್ರವೇಶ ಎಂದು ದೂರು ಕೊಟ್ಟಿದ್ದರಂತೆ.

"ನಿಮ್ಮ ಯಜಮಾನರನ್ನ ಕರೀರಿ, ಅವರ ಹತ್ರ ಮಾತಾಡ್ತೀನಿ," ಎಂದ ಗೋವಿಂದರಾಜು.

"ಓಡೋಳು ನಾನು. ಮಾತೂ ನನ್ನ ಹತ್ರಾನೇ ಆಡಿ."

ಅವಳು ಸುಮೋದ ಬಾನೆಟ್ಟಿನ ಮೇಲೆ ನಕ್ಷೆ ಬಿಚ್ಚಿದಳು. ಒಂದೇ ಕೈಯಲ್ಲಿ ಸರಿಯಾಗಿ ಹಿಡಿಯಲಾಗದೆ ಗಾಳಿಗೆ ಮಡಚಿಕೊಂಡಿತು. ನಾನು ಒಂದು ಮೂಲೆ ಒತ್ತಿ ಹಿಡಿದೆ. ಸಬ್ ಇನ್‌ಸ್ಪೆಕ್ಟರು ಬಗ್ಗಿ ನೋಡಿದರು.

"ಈ ಎರಡು ಚುಕ್ಕಿಗೆರೆ ನೋಡಿ ಸಾರ್. ಇದು ಯಾರ ಸ್ವತ್ತೂ ಅಲ್ಲ. ಇದರ ಮೇಲೆ ಇವರು ಗೇಟು ಹಾಕಿದ್ದಾರೆ, ಕಂದಕ ತೋಡಿದ್ದಾರೆ. ನನ್ನನ್ನ ಹಿಡೀಬೇಕಾದ್ರೆ ಹಿಡೀರಿ. ಆದ್ರೆ ನಾನು ಯಾರ ಜಾಗದಲ್ಲಿ ಓಡಿದೆ ಅಂತ ಬರೀರಿ. ಅದು ಬರೆಯದೆ ನಾನು ಸಹಿ ಹಾಕಲ್ಲ."

"ಹಳೇ ಕಾಗದ ಸಾರ್ ಅದು," ಎಂದ ಗೋವಿಂದರಾಜು.

"ಹಳೇದೇ ಕಣಪ್ಪ," ಎಂದಳು ಬೀರಮ್ಮ. "ನೀನು ಮೊನ್ನೆ ಬಂದೋನು."

ಸಬ್ ಇನ್‌ಸ್ಪೆಕ್ಟರು ನಗು ತಡೆದುಕೊಂಡರು. ದೂರು ಬರೆದುಕೊಳ್ಳಲಿಲ್ಲ. ಅಳತೆಯಾಗುವ ತನಕ ಗೇಟು ತೆಗೆದಿಡಿ ಎಂದು ಹೇಳಿ ಹೋದರು. ಗೋವಿಂದರಾಜು ಬೀಗದ ಕೈ ತಂದಿಲ್ಲ ಎಂದ. ನಾವು ಅಲ್ಲೇ ಕೂತೆವು. ಬಿಸಿಲೇರಿತು, ಕುರಿಗಳು ಸುಮೋದ ನೆರಳಿನಲ್ಲಿ ಮಲಗಿದವು. ಹನ್ನೊಂದು ಗಂಟೆಗೆ ಬೀಗದ ಕೈ ಸಿಕ್ಕಿತು.

ಅಳತೆ ನಡೆದದ್ದು ಹದಿನಾಲ್ಕು ತಿಂಗಳ ಮೇಲೆ. ಅಷ್ಟೂ ದಿನ ಗೇಟು ಮತ್ತೆ ಮತ್ತೆ ಮುಚ್ಚಿತು, ನಾವು ಮತ್ತೆ ಮತ್ತೆ ಹೋಗಿ ಕೂತೆವು. ನಮ್ಮಲ್ಲಿ ಇಬ್ಬರು ಹೆಂಗಸರನ್ನು ಮನೆಯವರು ಬರದಂತೆ ತಡೆದರು. ಚಂದ್ರಮೌಳಿಯವರು ಸಂಘದ ಸಭೆಯಲ್ಲಿ ಪ್ರೇಮಲೀಲಾಳ ಹೆಸರು ಹೇಳದೆ "ಕೆಲವರು" ಎಂದು ಭಾಷಣ ಮಾಡಿದರು. ಅವಳು ಎದ್ದು ನಿಂತು, "ಕೆಲವರು ಅಲ್ಲ ಸಾರ್, ನಾನು. ಹೆಸರು ಹಿಡಿದೇ ಬೈಯಿರಿ," ಎಂದಾಗ ಸಭೆ ಅಲ್ಲಿಗೇ ಮುಗಿಯಿತು.

ಸರ್ವೇಯರ್ ಸರಪಳಿ ಹಿಡಿದು ಅಳೆದ. ಪಕ್ಕದಲ್ಲೇ ಅವಳೂ ಟೇಪು ಹಿಡಿದು ಅಳೆದಳು. ಹದಿನಾರು ಅಡಿ ಅಗಲದ ಬಂಡಿದಾರಿ ಟ್ಯಾಂಕಿನಿಂದ ಕೊರಕಲಿನ ತನಕ ಸಾರ್ವಜನಿಕರದ್ದೇ ಎಂದು ಆದೇಶ ಬಂತು. ಅದರ ಮೇಲೆ ಬಿದ್ದಿದ್ದ ಐದು ಸೈಟು ರದ್ದಾದವು, ಅದರಲ್ಲಿ ಒಂದು ಚಂದ್ರಮೌಳಿಯವರದ್ದು. ಆದರೆ ಮಂಟಿಯ ನೆತ್ತಿ ಖಾಸಗಿ ಹಿಡುವಳಿಯೇ ಆಗಿತ್ತು. ಅದನ್ನು ಉಳಿಸಿಕೊಳ್ಳಲು ಯಾವ ನಕ್ಷೆಯೂ ಇರಲಿಲ್ಲ. ಬಂಡೆ ಸಿಡಿಸಿ ಸಮ ಮಾಡಿದರು. ಕನ್ನಂಬಾಡಿಯ ನೀರು ಕಾಣುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಮನೆಗಳಿವೆ. ಮೊದಲ ಸಿಡಿತದ ದಿನ ಪ್ರೇಮಲೀಲಾ ಊಟ ಮಾಡಲಿಲ್ಲವಂತೆ. ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೇ ನಮ್ಮ ಬಾಗಿಲು ತಟ್ಟಿದಳು.

"ಬೀರಮ್ಮ ಕೊರಕಲಿನೊಳಗೇ ಉತ್ತರಕ್ಕೆ ಒಂದು ದಾರಿ ಇದೆ ಅಂದಿದ್ದಾಳೆ. ನಾಲೆ ತನಕ ಹೋಗುತ್ತಂತೆ. ಶೂ ಹಾಕ್ಕೋ."

ಎರಡು ಸಾವಿರದ ಏಳರಲ್ಲಿ ಮೈಸೂರಿನ ಒಂದು ಓಟಗಾರರ ಗುಂಪು ಆ ದಾರಿಯಲ್ಲೇ ಹನ್ನೆರಡು ಕಿಲೋಮೀಟರಿನ ಓಟ ಇಟ್ಟಿತು. ಐವತ್ತು ದಾಟಿದವರಿಗೆ ಬೇರೆ ನಡಿಗೆ ಇದೆ ಎಂದು ಅವಳ ಹೆಸರನ್ನು ಅದಕ್ಕೆ ಸೇರಿಸಿದ್ದರು. ಅವಳು ನಡಿಗೆಯ ನಂಬರು ಚೀಟಿಯನ್ನು ಹಿಂದಿರುಗಿಸಿ, ಹುಡುಗರ ಸಾಲಿನಲ್ಲಿ ನಿಂತಳು. ಅರವತ್ತೆರಡು ಜನರಲ್ಲಿ ಮೂವತ್ತೆಂಟನೆಯವಳಾಗಿ ಬಂದಳು. ಕೊನೆಯ ಏರಿನಲ್ಲಿ ಅವಳು ಹಿಂದೆ ಹಾಕಿದ ಇಬ್ಬರು ಹುಡುಗರು ಹುಲ್ಲಿನ ಮೇಲೆ ಬಿದ್ದುಕೊಂಡಿದ್ದರು. ಅವಳು ಇನ್ನೂ ನಿಂತೇ ಇದ್ದಳು. ನನ್ನನ್ನು ಕಂಡು, ಎರಡೂ ಕೈಯನ್ನು ಸೊಂಟದ ಮೇಲಿಟ್ಟು, ಉಸಿರು ಸಿಗುವ ತನಕ ಕಾದು, "ಮುಂದಿನ ವರ್ಷ ನೀನೂ ಬಾ," ಎಂದಳು.