ಐದು ಬುಟ್ಟಿ ಕುರಿಗೊಬ್ಬರ

ಹೊಸಬಾಳೆಯ ಚಿಕ್ಕಬೀರಪ್ಪನಿಗೆ ಅರವತ್ತನಾಲ್ಕು ವರ್ಷ, ಎಂಬತ್ತು ಕುರಿ. ಗಿಡಗಳಲ್ಲಿ ಅವನಿಗೆ ಗೊತ್ತಿರುವುದು ಎರಡೇ ಜಾತಿ: ಕುರಿ ತಿನ್ನುವುದು, ಕುರಿ ತಿನ್ನದ್ದು. ಇಂಥವನ ಕೈಗೆ ತೋಟ ಒಪ್ಪಿಸಿದವಳು ಅವನ ಅಕ್ಕನ ಮಗಳು ಪ್ರಮೀಳಾ. ಅವಳು ಬೀದರಿನ ಆಸ್ಪತ್ರೆಯೊಂದರಲ್ಲಿ ನರ್ಸು. ತೋಟ ಮಾಡುವವರು ಇನ್ನೊಂದಿಷ್ಟು ಹತ್ತಿರ ಇರಬೇಕಮ್ಮ ಎಂದು ನಾನು ಹೇಳಿ ನೋಡಿದೆ. ಪಕ್ಕದ ಹೊಲದವನ ಮಾತು ಯಾರಿಗೆ ಬೇಕು.

ಒಂದೆಕರೆ ಜಮೀನು ಅವಳ ತಾಯಿ ನಿಂಗಮ್ಮನ ಪಾಲಿನದು. ನಿಂಗಮ್ಮ ಹಳ್ಳದ ದಂಡೆಯ ಕಾಡುಮಾವಿನ ಮರದಿಂದ ಮಿಡಿ ಕೊಯ್ದು ಉಪ್ಪಿನಕಾಯಿ ಹಾಕುತ್ತಿದ್ದಳು. ಆ ಪರಿಮಳ ಬೇರೆ ಯಾವ ಮರದ ಮಿಡಿಗೂ ಇರಲಿಲ್ಲ. ವರ್ಷಕ್ಕೊಂದು ಭರಣಿ ನಮ್ಮ ಮನೆಗೂ ಬರುತ್ತಿತ್ತು, ಹಾಗಾಗಿ ನನ್ನ ಸಾಕ್ಷಿ ನಂಬಬಹುದು. ಎರಡು ವರ್ಷದ ಹಿಂದೆ ನಿಂಗಮ್ಮ ತೀರಿಕೊಂಡಳು. ಅದೇ ವಾರ ಬೀಸಿದ ಗಾಳಿಗೆ ಮರವೂ ಬುಡದಿಂದ ಮೊಳದೆತ್ತರದಲ್ಲಿ ಮುರಿದು ಬಿತ್ತು. ತಾಯಿಯ ಕಾರ್ಯಕ್ಕೆ ಬಂದಿದ್ದ ಪ್ರಮೀಳಾ ಆ ಮರದ ಕಡ್ಡಿಗಳನ್ನು ಕತ್ತರಿಸಿ, ಶಿಕಾರಿಪುರದ ನರ್ಸರಿಯಿಂದ ತಂದ ಐದು ಮಾವಿನ ಸಸಿಗಳಿಗೆ ತಾನೇ ಕಸಿ ಕಟ್ಟಿದಳು. ಸುತ್ತಿದ್ದು ಆಸ್ಪತ್ರೆಯ ಪಟ್ಟಿ. ನಾಲ್ಕು ಒಣಗಿದವು, ಒಂದು ಹಿಡಿಯಿತು. ಬಿದ್ದ ಮರವನ್ನು ಊರವರು ಸೌದೆ ಮಾಡಿಕೊಂಡರು.

"ಮಾವ, ಚಿಕ್ಕು ಹೋದ್ರೆ ಹೋಗ್ಲಿ, ನಿಂಬೆ ಹೋದ್ರೆ ಹೋಗ್ಲಿ. ಅವ್ವನ ಗಿಡ ಒಂದು ಉಳಿಸ್ಕೊಡು" ಎಂದು ಹೇಳಿ ಅವಳು ಬಸ್ಸು ಹತ್ತಿದಳು.

ಅಂದಿನಿಂದ ಪ್ರತಿ ಭಾನುವಾರ ವಿಡಿಯೋ ಕಾಲ್. ಚಿಕ್ಕಬೀರಪ್ಪನಿಗೆ ಫೋನು ಹಿಡಿಯಲು ಬಾರದು, ಆದ್ದರಿಂದ ಹಿಡಿಯುವವನು ನಾನು. ಬೀದರ್ ದೂರವಾದ್ದರಿಂದ ಅವನು ಕೂಗಿಯೇ ಮಾತಾಡುತ್ತಿದ್ದ. ತೋಟದ ಮೂವತ್ತೆರಡು ಗಿಡಕ್ಕೂ ಒಂದೊಂದರಂತೆ ಮುಳ್ಳಿನ ಬೇಲಿ ಕಟ್ಟಿದ್ದ. ಅವನ ಕುರಿಗಳಿಗೆ ಆ ತೋಟದ ಒಂದೆಲೆಯೂ ಸಿಕ್ಕಿರಲಿಲ್ಲ.

ಕೆಟ್ಟದ್ದು ಪ್ರೀತಿ ಹೆಚ್ಚಾಗಿ. ಈ ಸೀಮೆಯ ರೈತರು ತಮ್ಮ ಹೊಲದಲ್ಲಿ ಎರಡು ರಾತ್ರಿ ಕುರಿ ನಿಲ್ಲಿಸು ಎಂದು ಅವನ ಹಿಂದೆ ಬೀಳುತ್ತಾರೆ, ಗೊಬ್ಬರಕ್ಕಾಗಿ. ಈ ಮಾರ್ಚಿನಲ್ಲಿ ಅವನು ಯಾರೂ ಕೇಳದೆ ಐದು ಬುಟ್ಟಿ ಹಸಿ ಕುರಿಗೊಬ್ಬರವನ್ನು ಅಕ್ಕನ ಗಿಡದ ಬುಡಕ್ಕೆ ಸುರಿದ. ಬೇರೆ ಗಿಡಗಳಿಗೆ ಒಂದು ಹಿಡಿಯೂ ಇಲ್ಲ. ಹೊಲವಾದರೆ ಮೊದಲು ಗೊಬ್ಬರ, ಆಮೇಲೆ ಮಳೆ, ಆಮೇಲೆ ಬಿತ್ತನೆ. ನಿಂತ ಗಿಡಕ್ಕೆ, ಅದೂ ಬೇಸಿಗೆಯಲ್ಲಿ, ಅವನು ಯಾವತ್ತೂ ಹಾಕಿದವನಲ್ಲ. ಎಂಟು ದಿನದಲ್ಲಿ ಎಲೆಯ ಅಂಚು ಸುಟ್ಟಿತು. ಹದಿನೈದು ದಿನದಲ್ಲಿ ಕಸಿಯ ಭಾಗ ಕಡ್ಡಿಯಾಯಿತು.

ಆ ಭಾನುವಾರ ಪ್ರಮೀಳಾ ಕೇಳಿದಳು: "ಅವ್ವನ ಗಿಡ ತೋರ್ಸು ಮಾವ."

"ಬಿಸ್ಲು ಬಿದ್ದೈತೆ, ಕಾಣಂಗಿಲ್ಲವ್ವಾ!" ಎಂದು ಅವನು ಬೀದರಿಗೆ ಕೇಳುವಂತೆ ಕೂಗಿದ. ನಾನು ಫೋನನ್ನು ಚಿಕ್ಕು ಗಿಡದ ಕಡೆ ತಿರುಗಿಸಿದೆ. ನಾಚಿಕೆಯಾಯಿತು, ಆದರೂ ತಿರುಗಿಸಿದೆ.

ಏಪ್ರಿಲಿನಲ್ಲಿ ಪಟ್ಟಿಯ ಕೆಳಗೆ ಎರಡು ಚಿಗುರು ಬಂದವು. "ಇದನ್ನೇ ತೋರಿಸಿಬಿಡು ಮಾರಾಯ" ಎಂದೆ.

"ಪಟ್ಟಿ ಕೆಳಗಿಂದು ನರ್ಸರಿ ಗಿಡ ಕಣ್ರೀ, ಪರಮಶಿವಪ್ಪಾರೆ. ಅಕ್ಕಂದಲ್ಲ" ಎಂದ. ಸುಳ್ಳು ತೋರಿಸಲಾರ, ನಿಜ ಹೇಳಲಾರ. ನನಗೆ ರೇಗಿಹೋಯಿತು, ಬೈದೆ. ಅವನು ಬೈಸಿಕೊಂಡ. ಅಷ್ಟರಲ್ಲಾಗಲೇ ಅವನು ಕುರಿಗಳನ್ನು ಹಳ್ಳದ ದಂಡೆ ಬಿಟ್ಟು ಒಂದು ಮೈಲಿ ಸುತ್ತಿಸಿ ಹೊಡೆದುಕೊಂಡು ಹೋಗುತ್ತಿದ್ದ. ನನ್ನ ಮುಖ ತಪ್ಪಿಸಲು ಎಂದುಕೊಂಡೆ.

ಮೇ ತಿಂಗಳಲ್ಲಿ ಪ್ರಮೀಳಾ ರಜೆ ಹಾಕಿ ಬಂದಳು. ಚಪ್ಪಲಿ ಸಹ ಬಿಡದೆ ನೇರ ತೋಟಕ್ಕೆ. ಒಣಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದಳು. ಹಸಿರು ಕಾಣಲಿಲ್ಲ.

"ನಾನೇ ಸುಟ್ಟೆ ಕಣವ್ವಾ. ಐದು ಬುಟ್ಟಿ ಹಾಕ್ದೆ" ಎಂದ ಚಿಕ್ಕಬೀರಪ್ಪ. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಮೆಲ್ಲಗೆ ಮಾತಾಡಿದ್ದು.

ಅವಳು ಅಲ್ಲೇ ಮಣ್ಣಲ್ಲಿ ಕುಳಿತು ಅತ್ತಳು. ತಾಯಿ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

ಚಿಕ್ಕಬೀರಪ್ಪ ಕೋಲು ಎತ್ತಿಕೊಂಡು, "ಬಾ" ಎಂದು ಹಳ್ಳದ ಕಡೆ ಹೊರಟ. ಸೌದೆಯವರು ಬಿಟ್ಟುಹೋದ ಕಾಡುಮಾವಿನ ಬೊಡ್ಡೆಯ ಜಾಗದಲ್ಲಿ ಆಳೆತ್ತರ ಮುಳ್ಳು ಒಟ್ಟಿತ್ತು. ಕೋಲಿನಿಂದ ಅದನ್ನು ಸರಿಸಿದ. ಬೊಡ್ಡೆಯ ಸುತ್ತ ಮೊಣಕಾಲುದ್ದದ ಏಳೆಂಟು ಕುಡಿಗಳು, ತುದಿಯಲ್ಲಿ ಕೆಂಪೆಲೆ. ಪ್ರಮೀಳಾ ಒಂದೆಲೆ ಕಿತ್ತು, ಹೊಸಕಿ, ಮೂಸಿದಳು. ಮತ್ತೊಮ್ಮೆ ಮೂಸಿ ನನ್ನ ಮೂಗಿಗೂ ಹಿಡಿದಳು. ನಿಂಗಮ್ಮನ ಭರಣಿಯ ಬಾಯಿ ಬಿಚ್ಚಿದ ಹಾಗಿತ್ತು.

"ಗೊಬ್ಬರ ಹಾಕಿದ್ಯಾ?" ಎಂದು ಕೇಳಿದಳು.

"ಮುಟ್ಟಿಲ್ಲ."

"ಯಾವಾಗ ಚಿಗುರಿದ್ದು ಮಾವ ಇದು?"

ಚಿಕ್ಕಬೀರಪ್ಪ ಕಂಬಳಿ ಸರಿಪಡಿಸಿಕೊಂಡ. "ಎರಡು ವರ್ಷದಿಂದ ಚಿಗುರ್ತಾನೇ ಐತವ್ವಾ. ನನ್ನ ಕುರಿ ತಿಂತಾನೇ ಇದ್ವು."